ಜೇಡ ಎಂಬ ಶಬ್ದದ ವಿಚಾರ

ಶ್ರಾವಣಮಾಸ ಬಂದಿತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಊರೂರುಗಳಲ್ಲಿ ಪುರಾಣ ಪ್ರವಚನಗಳು ನಡೆಯುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಹಾನಗಲ್ಲ ಸೀಮೆಯ ಒಂದು ಮಠದಲ್ಲಿ ಅಂಥ ಪ್ರವಚನವನ್ನು ನಡೆಸುತ್ತಿದ್ದಾಗ, ಆದ್ಯ ವಚನಕಾರರಲ್ಲೊಬ್ಬರಾದ ಜೇಡರ ದಾಸಿಮಯ್ಯನವರ ಚರಿತ್ರೆಯನ್ನು ಹೇಳುವ ಸರದಿ ಬಂದಿತು. ಮಂಗಳವಾದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬನು ಎದ್ದುನಿಂತು, “ಶಾಸ್ತ್ರಿಗಳ, ಅಷ್ಟು ದೊಡ್ಡ ಶರಣರಿಗೆ ಜ್ಯಾಡದ ಹುಳದ ಹೆಸರು ಯಾಕ ಇಟ್ಟಾರ್ರಿ?” ಎಂದು ಕೇಳಿದನು. ಸಭೆ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕಂಬದ ಮಗ್ಗುಲಲ್ಲಿ ಕುಳಿತಿದ್ದ ವೃದ್ಧರೊಬ್ಬರು ನಗಲಿಲ್ಲ.

ಪ್ರಸಾದವಾದ ಮೇಲೆ ಆ ವೃದ್ಧರು ನನ್ನಲ್ಲಿಗೆ ಬಂದರು. ಸವಣೂರ ಕಡೆಯವರು, ಪ್ರಾಯದಲ್ಲಿ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದವರು. “ಶಾಸ್ತ್ರಿಗಳ, ನಮ್ಮ ಅಜ್ಜಾರು ಅಡ್ಡಹೆಸರು ಜಾಡರ ಅಂತ ಬರಸ್ತಿದ್ರು. ಸಾಲ್ಯಾಗ ಹುಡುಗ್ರು ಹುಳ ಹುಳ ಅಂತ ಕಾಡತಾವ ಅಂತ ನನ್ನ ಮಗ ಅದನ್ನ ತಗಸಿಬಿಟ್ಟ. ಈಗ ಮಠದಾಗೂ ಅದನ್ನ ಕೇಳಿ ನಕ್ಕರಲ್ರೀ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ನನಗೆ ಹೆಚ್ಚು ನಾಟಿತು. ಹುಡುಗನ ಪ್ರಶ್ನೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಬ್ದವನ್ನು ನೋಡೋಣ. ಗ್ರಂಥಸ್ಥ ಕನ್ನಡದಲ್ಲಿ ‘ಜೇಡ’ ಎಂಬುದಕ್ಕೆ ಎರಡು ಅರ್ಥಗಳುಂಟು: ನೇಕಾರನೆಂಬುದೊಂದು, ಬಲೆ ಕಟ್ಟುವ ಎಂಟುಕಾಲಿನ ಪ್ರಾಣಿಯೆಂಬುದು ಇನ್ನೊಂದು. ‘ಜಾಡ’ ಎಂಬ ರೂಪವೂ ನೇಕಾರನಿಗೆ ಸಲ್ಲುತ್ತದೆ. ಈ ಎರಡು ರೂಪಗಳ ನಡುವಣ ದಾರಿಯನ್ನು ಕಾಣಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ‘ಬೇಡ’ ಎಂಬುದನ್ನು ನಾವು ‘ಬ್ಯಾಡ’ ಎನ್ನುತ್ತೇವೆ. ‘ಮೇಲೆ’ ಎಂಬುದು ನಮ್ಮ ಬಾಯಲ್ಲಿ ‘ಮ್ಯಾಲೆ’, ‘ಪೇಟೆ’ ಎಂಬುದು ‘ಪ್ಯಾಟಿ’. ಅದೇ ರೀತಿಯಾಗಿ ‘ಜೇಡ’ವು ‘ಜ್ಯಾಡ’ವಾಗುತ್ತದೆ. ಈ ‘ಜ್ಯಾಡ’ದ ಉಚ್ಚಾರವು ‘ಜಾಡ’ಕ್ಕೆ ಎಷ್ಟು ಸಮೀಪವೆಂಬುದನ್ನು ಬಾಯಿಬಿಟ್ಟು ಹೇಳಿ ನೋಡಿದರೆ ಸಾಕು. ಬರೆಯುವವನ ಕೈಗೆ ತಕ್ಕಂತೆ ಒಂದೇ ಶಬ್ದವು ಒಮ್ಮೆ ಜೇಡ, ಒಮ್ಮೆ ಜಾಡ ಎಂದು ಲಿಖಿತವಾಗುವುದು ಇದರಿಂದ ಸಹಜವೆನಿಸುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಹುಳದ ಹೆಸರು ಮನುಷ್ಯನಿಗೆ ಬಂದಿತೋ, ಮನುಷ್ಯನ ಹೆಸರು ಹುಳಕ್ಕೆ ಬಂದಿತೋ? ಇದನ್ನು ನಿರ್ಣಯಿಸಲು ಪಂಡಿತರ ಮನೆಗೆ ಹೋಗಬೇಕಾಗಿಲ್ಲ. ನಮ್ಮ ತಾಯಂದಿರ ಮಾತೇ ಸಾಕ್ಷಿ ನುಡಿಯುತ್ತದೆ. ಅವರು ‘ಜೇಡರ ಹುಳ’ ಎನ್ನುತ್ತಾರೆ, ‘ಜೇಡರ ಬಲೆ’ ಎನ್ನುತ್ತಾರೆ. ಇಲ್ಲಿರುವ ‘ಅರ’ ಎಂಬುದನ್ನು ಗಮನಿಸಬೇಕು. ಕನ್ನಡದಲ್ಲಿ ‘ಅರು’ ಎಂಬ ಬಹುವಚನವು ಮನುಷ್ಯರಿಗೂ ದೇವತೆಗಳಿಗೂ ಮಾತ್ರ ಸಲ್ಲತಕ್ಕುದು. ಇರುವೆಗಳು, ಸೊಳ್ಳೆಗಳು, ಜೇನುಗಳು ಎನ್ನುತ್ತೇವೆಯೇ ಹೊರತು ಇರುವೆಯರು, ಸೊಳ್ಳೆಯರು ಎಂದು ಯಾರೂ ಅನ್ನುವುದಿಲ್ಲ. ಹೀಗಿರುವಾಗ ‘ಜೇಡರ ಹುಳ’ ಎಂಬಲ್ಲಿಯ ಜೇಡರು ಹುಳಗಳಾಗಿರಲು ಸಾಧ್ಯವೇ ಇಲ್ಲ. ಅವರು ಮನುಷ್ಯರು, ನೇಕಾರರು. ಜೇಡರಂತೆ ನೂಲೆಳೆದು ನೇಯುವ ಹುಳವು ಜೇಡರ ಹುಳ. ಮುಂದೆ ಮಾತಿನ ಅವಸರದಲ್ಲಿ ‘ಹುಳ’ ಬಿದ್ದುಹೋಗಿ ಬರಿಯ ‘ಜೇಡ’ ಎಂಬುದೇ ಆ ಪ್ರಾಣಿಯ ಹೆಸರಾಗಿ ಉಳಿಯಿತು. ಈಚಿನವರು ‘ಜೇಡದ ಬಲೆ’ ಎಂದು ಬರೆಯುವುದನ್ನು ನೋಡಿದ್ದೇನೆ. ಅದು ತಪ್ಪೆಂದು ನಾನು ಹೇಳಲಾರೆ; ಆದರೆ ‘ಜೇಡರ ಬಲೆ’ ಎಂಬ ಹಳೆಯ ಮಾತು ಹೋದರೆ ಅದರೊಡನೆ ಈ ಸಾಕ್ಷ್ಯವೂ ಹೋಗುವುದು.

ಇದಕ್ಕೆ ನಮ್ಮ ಮನೆಗಳಲ್ಲಿಯೇ ಇನ್ನೊಂದು ಜೋಡಿ ಇದೆ. ಹಸಿಮಣ್ಣನ್ನು ತಂದು ಗೋಡೆಯ ಮೂಲೆಯಲ್ಲಿ ಗಡಿಗೆಯಂತಹ ಗೂಡನ್ನು ಕಟ್ಟುವ ಹುಳವನ್ನು ನಾವು ಕುಂಬಾರ ಹುಳ ಎನ್ನುತ್ತೇವೆ. ಆ ಹುಳದಿಂದ ಕುಂಬಾರನಿಗೆ ಹೆಸರು ಬಂದಿತೆಂದು ಯಾವನೂ ವಾದಿಸುವುದಿಲ್ಲ. (ವಿಚಿತ್ರವೆಂದರೆ, ಮಣ್ಣಿನ ಗೂಡು ಕಟ್ಟುವ ಇಂಥ ಹುಳಗಳಲ್ಲಿ ಕೆಲವು ಜೇಡಗಳನ್ನೇ ಹಿಡಿದು ತಂದು ಗೂಡಿನೊಳಗೆ ತಮ್ಮ ಮರಿಗಳಿಗೆ ಆಹಾರವಾಗಿ ಇಡುತ್ತವೆ.) ಕುಂಬಾರನ ವಿಷಯದಲ್ಲಿ ಯಾರಿಗೂ ಬಾರದ ಸಂದೇಹವು ಜೇಡನ ವಿಷಯದಲ್ಲಿ ಬರಲು ಕಾರಣವಿಷ್ಟೆ: ಕುಂಬಾರನೆಂಬ ಶಬ್ದವು ಊರಲ್ಲಿ ಇಂದಿಗೂ ಜೀವಂತವಾಗಿದೆ, ಜೇಡನೆಂಬ ಶಬ್ದವು ನೇಕಾರನ ಅರ್ಥದಲ್ಲಿ ಬಳಕೆ ತಪ್ಪಿ, ಗೋಡೆಯ ಮೇಲೆ ಮಾತ್ರ ಉಳಿದಿದೆ.

ನೆರೆಹೊರೆಯ ಭಾಷೆಗಳನ್ನು ಕೇಳಿದರೆ ಅವೂ ಇದನ್ನೇ ಹೇಳುತ್ತವೆ. ತೆಲುಗಿನಲ್ಲಿ ನೇಕಾರರಿಗೆ ‘ಜೇಂಡ್ರ’ ಎಂಬ ಹೆಸರುಂಟು. ತಮಿಳುನಾಡಿನಲ್ಲಿ ನೇಯ್ಗೆಯ ಜನರಿಗೆ ‘ಸೇಡರ್’ ಎಂಬ ಹೆಸರುಂಟು. ಇವು ನಮ್ಮ ಜೇಡ, ಜಾಡಗಳ ಸೋದರ ರೂಪಗಳು. ಅಲ್ಲಿ ಈ ಶಬ್ದವು ಮನುಷ್ಯರಿಗೆ ಸಲ್ಲುತ್ತಿದ್ದು, ಹುಳಕ್ಕೆ ಬೇರೆ ಹೆಸರುಗಳಿವೆಯೆಂಬುದನ್ನು ಲಕ್ಷಿಸಬೇಕು. ತಮಿಳರು ಜೇಡವನ್ನು ಸಿಲಂದಿ ಎನ್ನುತ್ತಾರೆ. ತೆಲುಗರು ಸಾಲೆಪುರುಗು ಎನ್ನುತ್ತಾರೆ. ಆ ‘ಸಾಲೆ’ ಎಂದರೆ ಯಾರು? ಪದ್ಮಸಾಲಿ, ಪಟ್ಟಸಾಲಿ ಎಂಬ ಹೆಸರುಗಳಲ್ಲಿರುವ ಸಾಲಿಯೇ ಅವನು, ಅಂದರೆ ನೇಕಾರನೇ. ಶಬ್ದ ಬೇರೆಯಾದರೂ ಭಾವ ಒಂದೇ: ನೇಕಾರ ಹುಳ.

ಸಂಸ್ಕೃತಕ್ಕೆ ಬರೋಣ. ಅಮರಕೋಶದಲ್ಲಿ ಈ ಪ್ರಾಣಿಗೆ ಲೂತಾ, ತಂತುವಾಯ, ಊರ್ಣನಾಭ, ಮರ್ಕಟಕ ಎಂಬ ನಾಲ್ಕು ಹೆಸರುಗಳಿವೆ. ಇವುಗಳಲ್ಲಿ ‘ತಂತುವಾಯ’ ಎಂಬುದಕ್ಕೆ ನೂಲನ್ನು ನೇಯುವವನು ಎಂದು ಅರ್ಥ. ಅದೇ ಅಮರಸಿಂಹನು ಇನ್ನೊಂದು ವರ್ಗದಲ್ಲಿ ಮನುಷ್ಯ ನೇಕಾರನನ್ನು ಹೇಳುವಾಗಲೂ ‘ತಂತುವಾಯ’ ಎಂಬ ಶಬ್ದವನ್ನೇ ಕೊಟ್ಟಿದ್ದಾನೆ. ಮರ್ಕಟಕವೆಂಬುದರಿಂದ ಹಿಂದಿಯ ‘ಮಕಡೀ’ ಹುಟ್ಟಿತು. ಊರ್ಣನಾಭವೆಂಬುದು ಎಲ್ಲಕ್ಕಿಂತ ಸ್ವಾರಸ್ಯವುಳ್ಳದ್ದು. ಊರ್ಣವೆಂದರೆ ಉಣ್ಣೆ, ನಮ್ಮ ‘ಉಣ್ಣೆ’ಯು ಆ ಶಬ್ದದ ತದ್ಭವವೇ. ನಾಭಿಯೆಂದರೆ ಹೊಕ್ಕಳು. ಹೊಕ್ಕಳಲ್ಲಿ ಉಣ್ಣೆಯುಳ್ಳದ್ದು ಎಂದು ಪಾಠಶಾಲೆಗಳಲ್ಲಿ ವಿಗ್ರಹವಾಕ್ಯ ಹೇಳುವುದು ರೂಢಿ. ಆದರೆ ವೈದಿಕ ವಾಙ್ಮಯದಲ್ಲಿ ‘ಊರ್ಣವಾಭಿ’ ಎಂಬ ರೂಪವೂ ಕಾಣಿಸುತ್ತದೆ. ಯಾಸ್ಕನ ನಿರುಕ್ತದಲ್ಲಿ ಉಲ್ಲೇಖಿತನಾದ ಆಚಾರ್ಯನೊಬ್ಬನ ಹೆಸರು ‘ಔರ್ಣವಾಭ’ ಎಂದಿದೆ. ಈ ‘ವಾಭ’ ಎಂಬುದರಲ್ಲಿ ನೇಯುವುದು ಎಂಬರ್ಥದ ಅತಿ ಪ್ರಾಚೀನವಾದ ಧಾತುವಿದೆಯೆಂದೂ, ಆ ಧಾತುವಿನ ಅರ್ಥ ಮರೆತುಹೋದ ಮೇಲೆ ಜನರು ಅದನ್ನು ನಾಭಿಯೆಂದು ತಿದ್ದಿಕೊಂಡರೆಂದೂ ಭಾಷಾತಜ್ಞರು ಹೇಳುತ್ತಾರೆ. ಇದು ನನಗೂ ಸರಿಯೆಂದು ತೋರುತ್ತದೆ. ಏಕೆಂದರೆ ಜೇಡದ ನೂಲು ಹೊಕ್ಕಳಿಂದ ಹೊರಡುವುದಿಲ್ಲ. ಹೊಟ್ಟೆಯ ಹಿಂಬದಿಯ ತುದಿಯಲ್ಲಿರುವ ಸಣ್ಣ ಮೊಲೆಗಳಂತಹ ಅಂಗಗಳಿಂದ ಹೊರಡುತ್ತದೆ. ಹೀಗೆ ಸಂಸ್ಕೃತದ ಆ ಹೆಸರಿನೊಳಗೂ ಒಬ್ಬ ನೇಕಾರನು ಅಡಗಿ ಕುಳಿತಿದ್ದಾನೆ!

ಎಲ್ಲರೂ ಇದನ್ನು ನೇಯ್ಗೆಯಾಗಿಯೇ ಕಂಡರೆಂದಲ್ಲ. ನಮ್ಮ ಉತ್ತರದ ನೆರೆಯವರಾದ ಮರಾಠಿಗರು ಜೇಡವನ್ನು ಕೋಳೀ ಎನ್ನುತ್ತಾರೆ. ಅದು ಬಲೆ ಬೀಸುವ ಬೆಸ್ತನ ಹೆಸರು. ಇಂಗ್ಲಿಷಿನ ‘ಸ್ಪೈಡರ್’ ಎಂಬುದು ನೂಲುವುದು ಎಂಬರ್ಥದ ಕ್ರಿಯಾಪದದಿಂದ ಬಂದಿದೆ. ಒಬ್ಬರು ನೂಲುವುದನ್ನು ಕಂಡರು, ಒಬ್ಬರು ನೇಯುವುದನ್ನು ಕಂಡರು, ಒಬ್ಬರು ಬಲೆ ಬೀಸುವುದನ್ನು ಕಂಡರು. ಮೂವರೂ ಕಂಡದ್ದು ಅದರ ಕೆಲಸವನ್ನು.

ಜೇಡಿಮಣ್ಣಿಗೂ ಜೇಡಕ್ಕೂ ಸಂಬಂಧವುಂಟೆಂದು, ಎರಡೂ ಅಂಟುವ ಪದಾರ್ಥಗಳೆಂದು, ಕೆಲವರು ಹೇಳುವುದನ್ನು ಕೇಳಿದ್ದೇನೆ. ಧ್ವನಿಸಾಮ್ಯವೊಂದರಿಂದಲೇ ಸಂಬಂಧ ಕಲ್ಪಿಸುವ ಈ ಪದ್ಧತಿಯು ನನಗೆ ಒಪ್ಪಿಗೆಯಿಲ್ಲ. ಮೇಲೆ ಹೇಳಿದ ‘ಅರ’ ಪ್ರತ್ಯಯಕ್ಕೆ ಜೇಡಿಮಣ್ಣು ಯಾವ ಉತ್ತರವನ್ನೂ ಕೊಡಲಾರದು.

ಪ್ರಕೃತಕ್ಕೆ ಬರೋಣ. ಯಾದಗಿರಿ ಜಿಲ್ಲೆಯ ಮುದನೂರಿನಲ್ಲಿ ಬಾಳಿದ, ‘ರಾಮನಾಥ’ ಎಂಬ ಅಂಕಿತದಿಂದ ವಚನಗಳನ್ನು ನುಡಿದ ದಾಸಿಮಯ್ಯನವರು ಬಸವಣ್ಣನವರಿಗಿಂತ ಹಿಂದಿನ ಕಾಲದವರು. ಧರ್ಮಪತ್ನಿ ದುಗ್ಗಳೆಯೊಡನೆ ನೇಯ್ಗೆಯ ಕಾಯಕದಲ್ಲಿ ಬದುಕಿದವರು. ಅವರನ್ನು ಜೇಡರ ದಾಸಿಮಯ್ಯನೆಂದೂ ದೇವರ ದಾಸಿಮಯ್ಯನೆಂದೂ ಕರೆಯುವ ಎರಡು ರೂಢಿಗಳಿವೆ. ಇವರಿಬ್ಬರೂ ಒಬ್ಬರೇ, ಬೇರೆಯವರೇ ಎಂಬ ವಾದವು ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ. ಆ ವಾದಕ್ಕೆ ಇಲ್ಲಿ ಕೈಯಿಕ್ಕುವುದಿಲ್ಲ. ನನ್ನ ಕಳವಳ ಬೇರೆ. ಚೈತ್ರಮಾಸದ ಶುಕ್ಲಪಕ್ಷದ ಪಂಚಮಿಗೆ ಅವರ ಜಯಂತಿಯು ನಡೆಯುವಾಗ ‘ಜೇಡರ’ ಎಂಬ ವಿಶೇಷಣವನ್ನು ಬಿಟ್ಟುಬಿಡುವವರಲ್ಲಿ ಎಲ್ಲರೂ ಚರಿತ್ರೆಯನ್ನು ವಿಚಾರಿಸಿ ಬಿಡುವವರಲ್ಲ. ಕೆಲವರು ಆ ಶಬ್ದಕ್ಕೆ ನಾಚಿ ಬಿಡುತ್ತಾರೆ. ನಾಚಬೇಕಾದುದೇನೂ ಇಲ್ಲವೆಂಬುದು ಶಬ್ದದ ಜಾತಕದಿಂದಲೇ ತಿಳಿಯಿತಷ್ಟೆ.

ಶರಣರ ಹೆಸರುಗಳ ಕಟ್ಟಡವನ್ನೊಮ್ಮೆ ನೋಡಿರಿ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಜೇಡರ ದಾಸಿಮಯ್ಯ. ಮೂರರಲ್ಲಿಯೂ ಅದೇ ‘ಅರ’. ಚೌಡಯ್ಯನವರು ನಮ್ಮ ಹಾವೇರಿ ಜಿಲ್ಲೆಯವರೇ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯಲ್ಲಿ ದೋಣಿ ನಡೆಸಿದವರು. ಅವರ ಹೆಸರನ್ನು ಹೇಳುವಾಗ ‘ಅಂಬಿಗರ’ ಎಂಬುದನ್ನು ನುಂಗುವವರು ಯಾರೂ ಇಲ್ಲ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಇವೆಲ್ಲ ಕಾಯಕದಿಂದ ಬಂದ ಹೆಸರುಗಳು. ನೂಲುವ ಕಾಯಕದ ಕದಿರ ರೆಮ್ಮವ್ವೆಯಂತೂ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿ ಒಬ್ಬೊಬ್ಬ ದೇವನನ್ನು ಕಂಡ ಶರಣೆ. ಮನುಷ್ಯನಿಗೆ ಕುಲದ ಹೆಸರು ಬರುವುದು ಹುಟ್ಟಿನಿಂದಲ್ಲ, ಮಾಡುವ ಕೆಲಸದಿಂದ ಎಂಬುದನ್ನು ಬಸವಣ್ಣನವರು ಒಂದು ಪ್ರಸಿದ್ಧ ವಚನದಲ್ಲಿ ಕಮ್ಮಾರ, ಮಡಿವಾಳ, ಸಾಲಿಗ, ಹಾರುವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತೋರಿಸಿದ್ದಾರೆ. ಅಲ್ಲಿ ಸಾಲಿಗನೆನಿಸಿಕೊಳ್ಳುವುದಕ್ಕೆ ಹಾಸು ಹೂಡುವ ಕೆಲಸವೊಂದೇ ಕಾರಣ. ಆ ಮಾತನ್ನು ನಮ್ಮ ಶಬ್ದವು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಹೆಸರು ಕೆಲಸದಿಂದ ಬರತಕ್ಕುದಾದರೆ, ನೇಯುವ ಹುಳಕ್ಕೂ ಅದು ಬರಲೇಬೇಕು. ಕನ್ನಡಿಗರು ಅದನ್ನು ಕೊಟ್ಟರು.

ಕೊಟ್ಟ ಹೆಸರಿಗೆ ಅದು ಯೋಗ್ಯವೇ ಎಂದು ಕೇಳುವವರು ಒಂದು ದಿನ ಬೆಳಗಿನ ಝಾವದಲ್ಲಿ ಬೇಲಿಯ ಬಳಿ ನಿಂತು ನೋಡಬೇಕು. ಚಕ್ರಾಕಾರದ ಬಲೆಯನ್ನು ಕಟ್ಟುವ ಜಾತಿಯ ಜೇಡವು ಮೊದಲು ನಡುವಿನಿಂದ ಅಂಚಿಗೆ ಗಾಡಿಯ ಗಾಲಿಯ ಅರೆಕಾಲುಗಳಂತೆ ಎಳೆಗಳನ್ನು ಕಟ್ಟುತ್ತದೆ. ಇದು ಅದರ ಹಾಸು. ಆಮೇಲೆ ಆ ಎಳೆಗಳ ಮೇಲೆ ಸುತ್ತುಸುತ್ತಾಗಿ ಇನ್ನೊಂದು ನೂಲನ್ನು ಹಾಯಿಸುತ್ತದೆ. ಇದು ಅದರ ಹೊಕ್ಕು. ಹಾಸಿನ ಎಳೆಗಳಲ್ಲಿ ಅಂಟಿರುವುದಿಲ್ಲ. ಹೊಕ್ಕಿನ ಎಳೆಯ ಮೇಲೆ ಮಾತ್ರ ಸಣ್ಣ ಸಣ್ಣ ಅಂಟಿನ ಹನಿಗಳು ಸಾಲಾಗಿ ಕುಳಿತಿರುತ್ತವೆ. ಒಡಲೊಳಗೆ ದ್ರವವಾಗಿರುವ ಪದಾರ್ಥವು ಹೊರಕ್ಕೆ ಎಳೆಯಲ್ಪಡುತ್ತಲೇ ಗಟ್ಟಿಯಾದ ನೂಲಾಗುತ್ತದೆ. ಇಂಥ ಜೇಡಗಳಲ್ಲಿ ಹಲವು ಹಳತಾದ ಬಲೆಯನ್ನು ತಾವೇ ತಿಂದು ಅರಗಿಸಿಕೊಂಡು, ಅದರಿಂದಲೇ ಮತ್ತೆ ಹೊಸ ನೂಲನ್ನು ತೆಗೆಯುತ್ತವೆ. ಅವು ಹುಳುಗಳ ವರ್ಗಕ್ಕೆ ಸೇರಿದವೂ ಅಲ್ಲ. ಹುಳುಗಳಿಗೆ ಆರು ಕಾಲು, ಜೇಡಕ್ಕೆ ಎಂಟು. ಜಗತ್ತಿನಲ್ಲಿ ಹೆಸರಿಟ್ಟು ವರ್ಣಿಸಲ್ಪಟ್ಟ ಜೇಡಗಳ ಜಾತಿಗಳ ಸಂಖ್ಯೆಯು 2022ರಲ್ಲಿ 50,000ವನ್ನು ದಾಟಿತು. ಬಲೆ ಕಟ್ಟದೆ ನೆಗೆದು ಬೇಟೆಯಾಡುವವೂ ಅವುಗಳಲ್ಲಿವೆ. ಹಾನಗಲ್ಲ ಸೀಮೆಯ ಬತ್ತದ ಗದ್ದೆಗಳಲ್ಲಿ ಬೆಳೆಯ ರಸ ಹೀರುವ ಜಿಗಿಹುಳುಗಳನ್ನು ತಿಂದು ರೈತನಿಗೆ ಕೂಲಿ ಕೇಳದೆ ದುಡಿಯುವವೂ ಇವೇ. ಕಂಡಕಂಡಂತೆ ವಿಷ ಸಿಂಪಡಿಸುವವರು ಮೊದಲು ಕೊಲ್ಲುವುದು ಇಂಥ ಬಂಟರನ್ನು.

ಹಾನಗಲ್ಲ ಪಟ್ಟಣದ ತಾರಕೇಶ್ವರ ದೇವಾಲಯವನ್ನು ನೋಡಿದವರು ಅದರ ಮಂಟಪದ ಮೇಲ್ಛಾವಣಿಯನ್ನು ಮರೆಯಲಾರರು. ಎಂಟು ಮೂಲೆಗಳ ಮೇಲೆ ಬಳಸುಬಳಸಾಗಿ ಏರುತ್ತ ನಡುವಿನ ಕಮಲದಲ್ಲಿ ಸೇರುವ ಆ ಕಲ್ಲಿನ ಕೆಲಸದ ಕೆಳಗೆ ನಿಂತಾಗಲೆಲ್ಲ ನನಗೆ ಇಬ್ಬನಿ ಬಿದ್ದ ಜೇಡರ ಬಲೆಯ ನೆನಪಾಗುತ್ತದೆ. ಶಿಲ್ಪಿಯು ಅದನ್ನು ಕಂಡೇ ಕಡೆದನೆಂದು ಹೇಳುವ ಧೈರ್ಯ ನನಗಿಲ್ಲ.

ತನ್ನೊಳಗಿನಿಂದಲೇ ನೂಲನ್ನು ತೆಗೆದು, ಮತ್ತೆ ತನ್ನೊಳಗೆ ತೆಗೆದುಕೊಳ್ಳುವ ಈ ಗುಣವನ್ನು ಪ್ರಾಚೀನರು ಕಂಡಿದ್ದರು. ಅಕ್ಷರಬ್ರಹ್ಮದಿಂದ ವಿಶ್ವವು ಹೊಮ್ಮುವುದಕ್ಕೆ ಮುಂಡಕೋಪನಿಷತ್ತು ಮೊದಲ ಖಂಡದಲ್ಲಿಯೇ ಊರ್ಣನಾಭಿಯ ದೃಷ್ಟಾಂತವನ್ನು ಕೊಡುತ್ತದೆ. ಮಡಕೆಗೆ ಮಣ್ಣು ಬೇರೆ, ಕುಂಬಾರ ಬೇರೆ; ವಸ್ತ್ರಕ್ಕೆ ನೂಲು ಬೇರೆ, ನೇಕಾರ ಬೇರೆ. ಜೇಡದಲ್ಲಿ ಮಾತ್ರ ನೂಲೂ ನೇಕಾರನೂ ಒಂದೇ ಒಡಲು. ವೀರಶೈವರ ಸಿದ್ಧಾಂತಶಿಖಾಮಣಿಯು ಇದೇ ತತ್ತ್ವಕ್ಕೆ ವಸ್ತ್ರದ ಉಪಮೆಗಳನ್ನು ಆರಿಸಿಕೊಂಡಿರುವುದು ಗಮನಾರ್ಹವಾಗಿದೆ. ನೂಲಿನಿಂದಾದ ವಸ್ತ್ರವು ಹೇಗೆ ನೂಲೇ ಆಗಿದೆಯೋ ಹಾಗೆ ಶಿವನಿಂದಾದ ಚರಾಚರವು ಶಿವನೇ ಎಂದು ಒಂದೆಡೆ. ಮಡಿಚಿಟ್ಟ ಬಟ್ಟೆಯನ್ನು ಹರಡಿದಾಗ ಅದೇ ಗುಡಾರವಾಗುವಂತೆ ಶಿವನು ತನ್ನ ಶಕ್ತಿಯ ವಿಕಾಸದಿಂದ ವಿಶ್ವರೂಪನಾಗಿ ನಿಂತಿದ್ದಾನೆಂದು ಇನ್ನೊಂದೆಡೆ. ಜೇಡ ಎಂಬ ಶಬ್ದದ ಎರಡು ಅರ್ಥಗಳೂ, ಹುಳವೂ ನೇಯ್ಗೆಯೂ, ಹೀಗೆ ಎರಡು ಶಾಸ್ತ್ರಗಳಲ್ಲಿ ಒಂದೇ ಕೆಲಸಕ್ಕೆ ನಿಯುಕ್ತವಾಗಿವೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಅಕ್ಕಮಹಾದೇವಿಯವರ ವಚನವೊಂದರಲ್ಲಿ ಪ್ರೀತಿಯಿಂದ ಮನೆ ಕಟ್ಟಿಕ್ಕೊಂಡು, ತನ್ನ ನೂಲು ತನ್ನನ್ನೇ ಸುತ್ತಿ ಸಾಯುವ ಹುಳದ ಮಾತು ಬರುತ್ತದೆ. ಅದನ್ನು ಜೇಡವೆಂದು ವಿವರಿಸುವ ಪ್ರವಚನಕಾರರನ್ನು ನಾನು ಕೇಳಿದ್ದೇನೆ. ಅದು ಜೇಡವಲ್ಲ, ತೆರಣಿಯ ಹುಳು, ಅಂದರೆ ರೇಷ್ಮೆಯ ಹುಳು. ಈ ಭೇದವು ಸಣ್ಣದಲ್ಲ. ರೇಷ್ಮೆಯ ಹುಳುವು ತನ್ನ ನೂಲಿನೊಳಗೆ ತಾನೇ ಬಂದಿಯಾಗುತ್ತದೆ. ಜೇಡವು ತನ್ನ ನೂಲಿನ ಮೇಲೆ ನಡೆದಾಡುತ್ತದೆ. ಒಂದು ಸಂಸಾರಿಯ ಚಿತ್ರ, ಇನ್ನೊಂದು ಸಂಸಾರವನ್ನು ಹರಡಿದವನ ಚಿತ್ರ. ಎರಡನ್ನೂ ಕಲೆಸಿದರೆ ಅಕ್ಕನವರ ಬೇಡಿಕೆಯ ಕಂಬನಿಯೇ ಅರ್ಥವಾಗದೆ ಹೋಗುತ್ತದೆ.

ನಮ್ಮ ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಇದನ್ನೇ ಮಗ್ಗದ ಮೇಲೆ ಕಂಡವರು. ಕೋಳಿಯು ಕೋಡಗವನ್ನು ನುಂಗಿದ ಆ ಒಗಟಿನಂಥ ತತ್ತ್ವಪದದಲ್ಲಿ, ಮಗ್ಗದಲ್ಲಿ ಕುಳಿತ ನೇಕಾರನನ್ನು ಮಣಿಯು ನುಂಗುವ ಪ್ರಸಂಗವನ್ನು ನಮ್ಮ ಮಕ್ಕಳೂ ಹಾಡುತ್ತಾರೆ. ನೇಯುವವನೇ ನೇಯ್ಗೆಯಲ್ಲಿ ಕರಗಿಹೋಗಬೇಕೆಂಬ ಗುರುಬೋಧೆಯನ್ನು ಹಳ್ಳಿಯ ಮಗ್ಗದ ಮಾತಿನಲ್ಲಿ ಹೇಳುವ ಶಕ್ತಿ ಅವರಿಗಿತ್ತು. ಶರೀಫರು ಹುಟ್ಟಿದ ಮತದ ಧರ್ಮಗ್ರಂಥವಾದ ಕುರಾನಿನಲ್ಲಿಯೂ ಜೇಡದ ಹೆಸರನ್ನು ಹೊತ್ತ ಒಂದು ಅಧ್ಯಾಯವಿದೆ. ದೇವರನ್ನು ಬಿಟ್ಟು ಅನ್ಯರನ್ನು ನೆಚ್ಚಿದವರ ಆಶ್ರಯವನ್ನು ಅಲ್ಲಿ ಜೇಡದ ದುರ್ಬಲವಾದ ಮನೆಗೆ ಹೋಲಿಸಲಾಗಿದೆ. ಎಲ್ಲ ಮತಗಳವರೂ ಮನೆಯ ಮೂಲೆಯತ್ತ ಒಮ್ಮೆಯಾದರೂ ಕಣ್ಣೆತ್ತಿ ನೋಡಿದ್ದಾರೆ.

ಶೈವಭಕ್ತರ ಕಥೆಗಳಲ್ಲಂತೂ ಜೇಡಕ್ಕೆ ಆಸನವೇ ದೊರೆತಿದೆ. ಅರುವತ್ತುಮೂವರು ಪುರಾತನರಲ್ಲಿ ಸೇರಿದ ಚೋಳರಾಜ ಕೋಚ್ಚೆಂಗಣ್ಣನ ಪೂರ್ವಜನ್ಮದ ಕಥೆಯನ್ನು ತಮಿಳಿನ ಪೆರಿಯಪುರಾಣವು ಹೇಳುತ್ತದೆ. ತಿರುಚ್ಚಿರಾಪಳ್ಳಿಯ ಹತ್ತಿರದ ತಿರುವಾನೈಕ್ಕಾವಿನಲ್ಲಿ, ಮರದ ಕೆಳಗಿದ್ದ ಲಿಂಗದ ಮೇಲೆ ಒಣಗಿದ ಎಲೆಗಳು ಬೀಳುತ್ತಿದ್ದುವು. ಅಲ್ಲಿದ್ದ ಜೇಡವೊಂದು ಎಲೆ ಬೀಳದಂತೆ ಲಿಂಗದ ಮೇಲೆ ಬಲೆಯ ಚಪ್ಪರವನ್ನು ನೇಯ್ದಿತು. ಪೂಜೆಗೆ ಬಂದ ಆನೆಯು ಅದನ್ನು ಮೈಲಿಗೆಯೆಂದು ಭಾವಿಸಿ ಹರಿದುಹಾಕಿತು. ಜೇಡವು ಮತ್ತೆ ನೇಯ್ದಿತು. ಆನೆಯು ಮತ್ತೆ ಹರಿಯಿತು. ಕಡೆಗೆ ಜೇಡವು ಸೊಂಡಿಲೊಳಗೆ ಹೊಕ್ಕು ಕಚ್ಚಿತು. ಎರಡೂ ಪ್ರಾಣ ಬಿಟ್ಟುವು. ಆ ಜೇಡವೇ ಮುಂದೆ ಕೆಂಗಣ್ಣಿನ ಚೋಳರಾಜನಾಗಿ ಜನಿಸಿ, ಶಿವನಿಗೆ ಅನೇಕ ದೇವಾಲಯಗಳನ್ನು ಕಟ್ಟಿಸಿತು. ಅವನು ಕಟ್ಟಿಸಿದುವೆಂದು ಹೇಳುವ ಮಾಡಕ್ಕೋಯಿಲುಗಳ ಗರ್ಭಗುಡಿಗಳು ಎತ್ತರದ ಜಗಲಿಯ ಮೇಲಿದ್ದು, ಆನೆಯು ಹತ್ತಲಾರದಂತಿವೆ. ಜನ್ಮ ಬದಲಾದರೂ ಜೇಡಕ್ಕೆ ಆನೆಯ ನೆನಪು ಹೋಗಲಿಲ್ಲವೆಂದು ಅಲ್ಲಿಯವರು ನಗುತ್ತ ಹೇಳುತ್ತಾರೆ. ಆಂಧ್ರದ ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಜೇಡ, ಹಾವು, ಆನೆ ಮೂರೂ ಲಿಂಗವನ್ನು ಪೂಜಿಸಿ ಮುಕ್ತಿ ಪಡೆದುವು. ಶ್ರೀ ಎಂದರೆ ಜೇಡ, ಕಾಳವೆಂದರೆ ಸರ್ಪ, ಹಸ್ತಿಯೆಂದರೆ ಆನೆ ಎಂದು ಊರಿನ ಹೆಸರನ್ನು ಬಿಡಿಸುತ್ತಾರೆ. ನಿಘಂಟಿನಲ್ಲಿ ‘ಶ್ರೀ’ಗೆ ಆ ಅರ್ಥವನ್ನು ಹುಡುಕುವುದು ವ್ಯರ್ಥ. ಭಕ್ತರು ಕೊಟ್ಟ ಅರ್ಥವದು. ಜೇಡಕ್ಕೆ ಅದಕ್ಕಿಂತ ದೊಡ್ಡ ಹೆಸರನ್ನು ಲೋಕದಲ್ಲಿ ಯಾರೂ ಕೊಟ್ಟಿಲ್ಲ.

ತಿರುವಾನೈಕ್ಕಾವಿನ ಆ ಜೇಡದ ಕಥೆಯನ್ನು ಓದುವಾಗ ನನಗೆ ಮುದನೂರಿನ ಕಥೆಯು ನೆನಪಾಗದೆ ಇರುವುದಿಲ್ಲ. ದಾಸಿಮಯ್ಯನವರು ಬಹುಕಾಲ ಶ್ರಮಿಸಿ ಒಂದು ದಿವ್ಯವಾದ ವಸ್ತ್ರವನ್ನು ನೇಯ್ದರು. ಶಿವನು ಮುದಿ ಜಂಗಮನ ವೇಷದಲ್ಲಿ ಬಂದು ಅದನ್ನು ಬೇಡಿದನು. ಅವರು ಮರುಮಾತಿಲ್ಲದೆ ಕೊಟ್ಟರು. ಜಂಗಮನು ಅವರ ಕಣ್ಣೆದುರಿಗೇ ಅದನ್ನು ಹರಿದು ಚೂರುಚೂರು ಮಾಡಿದನು. ಜೇಡವು ಹರಿದವನನ್ನು ಕಚ್ಚಿತು. ಜೇಡರ ದಾಸಿಮಯ್ಯನವರು ಕಚ್ಚಲಿಲ್ಲ, ಮುಖವನ್ನೂ ಕೆಡಿಸಲಿಲ್ಲ. ಕೊಟ್ಟ ಮೇಲೆ ಅದು ಅವರದು, ಅವರ ಇಚ್ಛೆ ಎಂದುಕೊಂಡರು. ಶಿವನು ಮೆಚ್ಚಿ ತವನಿಧಿಯನ್ನು ಕೊಟ್ಟನು. ಬಸವಣ್ಣನವರ ವಚನಗಳಲ್ಲಿ ಈ ದಾಸನ ತವನಿಧಿಯ ಸ್ಮರಣೆ ಬರುತ್ತದೆ. ಹುಳಕ್ಕೂ ಶರಣರಿಗೂ ಹೆಸರು ಒಂದೇ ಆದರೂ ನೇಯ್ಗೆಯ ಉದ್ದೇಶ ಒಂದೇ ಅಲ್ಲವೆಂಬುದನ್ನು ಮರೆಯಲಾಗದು. ಜೇಡವು ಹಿಡಿಯುವುದಕ್ಕಾಗಿ ನೇಯುತ್ತದೆ. ಆದುದರಿಂದಲೇ ಬಲೆಯೆಂಬುದು ನಮ್ಮ ಮಾತಿನಲ್ಲಿ ಮೋಸಕ್ಕೂ ಮಾಯೆಗೂ ಸಂಕೇತವಾಗಿದೆ. ದಾಸಿಮಯ್ಯನವರು ಉಡಿಸುವುದಕ್ಕಾಗಿ ನೇಯ್ದರು. ಕಾಯಕದ ಹಿಂದೆ ದಾಸೋಹವಿಲ್ಲದಿದ್ದರೆ ಎಂಥ ಚೆಲುವಾದ ನೇಯ್ಗೆಯೂ ಬಲೆಯೇ.

ಆ ವೃದ್ಧರೊಡನೆ ಇಷ್ಟನ್ನೂ ಅಂದೇ ಮಾತನಾಡಲು ಸಮಯವಿರಲಿಲ್ಲ. ಪುರಾಣ ಮುಗಿದ ದಿನ ಅವರು ಮತ್ತೆ ಬಂದಾಗ ‘ಜೇಡರ ಹುಳ’ದ ವಿಚಾರವನ್ನು ಮಾತ್ರ ತಿಳಿಸಿದೆ. ಅವರು ತಮ್ಮಷ್ಟಕ್ಕೆ ತಾವೇ ಎರಡು ಮೂರು ಸಲ ‘ಜ್ಯಾಡರ ಹುಳ, ಜ್ಯಾಡರ ಹುಳ’ ಎಂದು ಹೇಳಿಕೊಂಡು, “ಅಂದ್ರ ಅದು ನಮ್ಮ ಹುಳ” ಎಂದರು. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗನೂ ಅಲ್ಲಿಯೇ ನಿಂತಿದ್ದನು, ಅವನು ಈ ಸಲ ನಗಲಿಲ್ಲ, “ಹಂಗಾದ್ರ ಕುಂಬಾರ ಹುಳ ನಮ್ಮ ಓಣಿ ಕುಂಬಾರರದ್ದೇನ್ರಿ?” ಎಂದು ಕೇಳಿದನು. ಹೌದೆಂದೆ.

ಹೊರಡುವ ಮುನ್ನ ವೃದ್ಧರು ಕಿಸೆಯಿಂದ ಒಂದು ಚೀಟಿಯನ್ನು ತೆಗೆದು, ಮೊಮ್ಮಗನನ್ನು ಬರುವ ವರ್ಷ ಸಾಲಿಗೆ ಹಚ್ಚುವುದಿದೆಯೆಂದೂ, ಅಡ್ಡಹೆಸರನ್ನು ಜೇಡರ ಎಂದು ಬರೆಸುವುದು ಸರಿಯೋ ಜಾಡರ ಎಂದು ಬರೆಸುವುದು ಸರಿಯೋ ಬರೆದುಕೊಡಬೇಕೆಂದೂ ಕೇಳಿದರು. ಎರಡೂ ಸರಿಯೆಂದು ಹೇಳಿ ಎರಡನ್ನೂ ಬರೆದುಕೊಟ್ಟೆ. ಅವರು ಚೀಟಿಯನ್ನು ಸ್ವಲ್ಪ ಹೊತ್ತು ನೋಡಿ, ತಮ್ಮ ಅಜ್ಜನವರು ಬರೆಸುತ್ತಿದ್ದುದು ‘ಜಾಡರ’ ಎಂದಾದುದರಿಂದ ಅದನ್ನೇ ಬರೆಸುವುದಾಗಿ ಹೇಳಿ, ಸವಣೂರ ಬಸ್ಸಿಗೆ ವೇಳೆಯಾಯಿತೆಂದು ಹೊರಟರು.